ಮತ್ತೆ ಮೊದಲಿನಂತಾದರೆ ಭೌತ ಬದಲಾವಣೆ, ಆಗದಿದ್ದರೆ ರಾಸಾಯನಿಕ: ಈ ಸೂತ್ರವನ್ನು ಎಷ್ಟು ನಂಬಬಹುದು?

ಪಾಠದಜೊತೆ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಭೌತ ಬದಲಾವಣೆ ಮತ್ತು ರಾಸಾಯನಿಕ ಬದಲಾವಣೆಯ ಪಾಠ ಹೇಳಿಕೊಡುತ್ತಿದ್ದೇನೆ. ಅವಳ ಟಿಪ್ಪಣಿಯಲ್ಲಿ ಒಂದೇ ಸಾಲಿನ ಸೂತ್ರ ಇದೆ: ಮತ್ತೆ ಮೊದಲಿನಂತೆ ಮಾಡಲು ಬಂದರೆ ಭೌತ, ಬಾರದಿದ್ದರೆ ರಾಸಾಯನಿಕ. ಅವಳು ತಕ್ಷಣ ಕೇಳಿದಳು, "ಹರಿದ ಕಾಗದ ಮತ್ತೆ ಮೊದಲಿನಂತೆ ಆಗಲ್ಲ. ಒಡೆದ ಗಾಜೂ ಆಗಲ್ಲ. ಹಾಗಾದರೆ ಅವೆರಡೂ ರಾಸಾಯನಿಕ ಬದಲಾವಣೆನಾ?" ಅಲ್ಲ ಎಂದು ಗೊತ್ತು. ಆದರೆ ಯಾಕೆ ಅಲ್ಲ ಎಂದು ಅವಳಿಗೆ ಒಪ್ಪುವ ಹಾಗೆ ಹೇಳಬೇಕು. ಜೊತೆಗೆ ಭೌತ ಗುಣ, ರಾಸಾಯನಿಕ ಗುಣ ಎಂಬ ಭಾಗವೂ ಇದೆ. ಕುದಿಯುವ ಬಿಂದು ಭೌತ ಗುಣವಂತೆ, ಉರಿಯುವುದು ರಾಸಾಯನಿಕ ಗುಣವಂತೆ. ಎರಡರಲ್ಲೂ ವಸ್ತು ಬದಲಾಗುತ್ತದೆ ಅಲ್ವಾ? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಗಾಜಿನಕಡ್ಡಿ:
ನಿಮ್ಮ ಮಗಳ ಪ್ರಶ್ನೆ ಬಹಳ ಚೆನ್ನಾಗಿದೆ. ಆ ಸೂತ್ರವನ್ನು ಬಿಟ್ಟುಬಿಡಿ. ಅದು ಎರಡೂ ಕಡೆಯಿಂದ ಸೋಲುತ್ತದೆ. ಹಿಂದಕ್ಕೆ ತರಲಾಗದ ಭೌತ ಬದಲಾವಣೆಗೆ ಅವಳೇ ಉದಾಹರಣೆ ಕೊಟ್ಟಿದ್ದಾಳೆ. ಹಿಂದಕ್ಕೆ ತರಬಹುದಾದ ರಾಸಾಯನಿಕ ಬದಲಾವಣೆಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ನೋಡಿ. ನೀಲಿ ಹರಳುಗಳನ್ನು ಪ್ರನಾಳದಲ್ಲಿ ಕಾಯಿಸಿದರೆ ಅವು ಪುಡಿಯಾಗಿ ಬೆಳ್ಳಗಾಗುತ್ತವೆ. ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿಗಳು ಕೂರುತ್ತವೆ. ಬಿಳಿ ಪುಡಿ ತಣ್ಣಗಾದ ಮೇಲೆ ಒಂದು ಹನಿ ನೀರು ಹಾಕಿ. ಮತ್ತೆ ನೀಲಿ! ಜೊತೆಗೆ ಪ್ರನಾಳ ಬಿಸಿಯಾಗುತ್ತದೆ. ಎಷ್ಟು ಸಲ ಬೇಕಾದರೂ ಮಾಡಬಹುದು. ಆದರೂ ಅದು ರಾಸಾಯನಿಕ ಬದಲಾವಣೆಯೇ. ನೀಲಿ ಹರಳಿನಲ್ಲಿ ಪ್ರತಿ ತಾಮ್ರದ ಅಯಾನಿಗೆ (ವಿದ್ಯುದಾವೇಶ ಹೊತ್ತ ಕಣಕ್ಕೆ) ನಾಲ್ಕು ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಐದನೆಯದು ಪಕ್ಕದ ಸಲ್ಫೇಟಿಗೆ ತಗುಲಿಕೊಂಡಿರುತ್ತದೆ. ಆ ನೀಲಿ ಬಣ್ಣ ಬರುವುದೇ ತಾಮ್ರಕ್ಕೆ ಅಂಟಿದ ನೀರಿನಿಂದ. ನೀರು ಹೋದರೆ ಉಳಿಯುವುದು ಬೇರೆ ವಸ್ತು.

ಅವಳಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಬದಲಾವಣೆ ಆದ ಮೇಲೆ ಅಲ್ಲಿರುವುದು ಅದೇ ವಸ್ತುವಾ, ಬೇರೆಯದಾ? ಹರಿದ ಕಾಗದದ ಚೂರೂ ಕಾಗದವೇ. ಸುಟ್ಟ ಕಾಗದ ಕಾಗದವಲ್ಲ.

ಅಡ್ಡಪ್ರಶ್ನೆ:
ಇದು ಹೇಳುವುದಕ್ಕೆ ಸುಲಭ. "ಅದೇ ವಸ್ತು" ಎಂದು ಗೊತ್ತಾಗುವುದು ಹೇಗೆ? ಮಗುವಿಗೆ ಅಣು ಕಾಣಿಸುವುದಿಲ್ಲ. ಅದಕ್ಕೇ ಬಣ್ಣ ಬದಲಾಯಿತಾ, ಗುಳ್ಳೆ ಬಂತಾ, ಬಿಸಿ ಆಯಿತಾ ಎಂದು ಪಟ್ಟಿ ಕೊಡುತ್ತಾರೆ.

ವಿಜ್ಞಾನಮೇಷ್ಟ್ರು:
ಆ ಪಟ್ಟಿ ಸುಳಿವುಗಳ ಪಟ್ಟಿ. ಸುಳಿವನ್ನೇ ತೀರ್ಪು ಎಂದುಕೊಂಡಾಗ ತೊಂದರೆ ಶುರುವಾಗುತ್ತದೆ. ನಾನು ತರಗತಿಯಲ್ಲಿ ಜೋಡಿ ಜೋಡಿಯಾಗಿ ತೋರಿಸುತ್ತೇನೆ.

ಮೊದಲು ಬೆಳಕು ಮತ್ತು ಬಿಸಿ. ಹಳೆಯ ಬಲ್ಬಿನ ಟಂಗ್‌ಸ್ಟನ್ ತಂತಿಗೆ ವಿದ್ಯುತ್ ಹರಿಸಿದರೆ ಅದು ಬೆಳ್ಳಗೆ ಹೊಳೆಯುತ್ತದೆ, ಸುಡುವಷ್ಟು ಬಿಸಿಯಾಗುತ್ತದೆ. ಸ್ವಿಚ್ ಆರಿಸಿದರೆ ಮತ್ತೆ ಅದೇ ಟಂಗ್‌ಸ್ಟನ್. ಮೆಗ್ನೀಷಿಯಂ ಪಟ್ಟಿಗೆ ಬೆಂಕಿ ಮುಟ್ಟಿಸಿದರೆ ಅದೂ ಕಣ್ಣು ಕೋರೈಸುವ ಹಾಗೆ ಬೆಳಗುತ್ತದೆ. ಆದರೆ ಕೊನೆಗೆ ಕೈಗೆ ಸಿಗುವುದು ಬಿಳಿ ಪುಡಿ, ಮೆಗ್ನೀಷಿಯಂ ಆಕ್ಸೈಡ್. ಲೋಹದ ಹೊಳಪು ಇಲ್ಲ, ಬಾಗುವ ಗುಣ ಇಲ್ಲ. ಎರಡರಲ್ಲೂ ಬೆಳಕು ಬಂತು. ಒಂದು ಭೌತ, ಇನ್ನೊಂದು ರಾಸಾಯನಿಕ. (ಉರಿಯುವ ಮೆಗ್ನೀಷಿಯಂ ಅನ್ನು ನೇರವಾಗಿ ನೋಡಬಾರದು, ಕಣ್ಣಿಗೆ ಪೆಟ್ಟು.)

ಗುಳ್ಳೆಗಳೂ ಹಾಗೇ. ನೀರು ಕುದಿಯುವ ಮುಂಚೆಯೇ ಪಾತ್ರೆಯ ಗೋಡೆಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ನೀರಿನಲ್ಲಿ ಕರಗಿದ್ದ ಗಾಳಿ, ಬಿಸಿಗೆ ಹೊರಬರುತ್ತಿದೆ. ಕುದಿಯುವಾಗ ಬರುವ ದೊಡ್ಡ ಗುಳ್ಳೆ ನೀರಿನ ಆವಿ. ಎರಡೂ ಭೌತ. ಸತುವಿನ ಚೂರನ್ನು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದಾಗ ಬರುವ ಗುಳ್ಳೆ ಹೈಡ್ರೋಜನ್. ಅದು ಮೊದಲು ಆ ಪ್ರನಾಳದಲ್ಲಿ ಅನಿಲವಾಗಿ ಎಲ್ಲೂ ಇರಲಿಲ್ಲ. ಅಲ್ಲಿ ಹುಟ್ಟಿದ್ದು.

ಕೌತುಕ:
ಇನ್ನೊಂದು ಜೋಡಿ ಸೇರಿಸುತ್ತೇನೆ, ನನಗೆ ತುಂಬಾ ಇಷ್ಟ. ಕತ್ತಲಲ್ಲಿ ಹೊಳೆಯುವ ಸ್ಟಿಕರ್ ಮತ್ತು ಬಗ್ಗಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ. ಸ್ಟಿಕರ್ ಬೆಳಕನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಮತ್ತೆ ದೀಪದ ಕೆಳಗೆ ಹಿಡಿದರೆ ಮತ್ತೆ ಹೊಳೆಯುತ್ತದೆ. ಕಡ್ಡಿಯನ್ನು ಬಗ್ಗಿಸಿದಾಗ ಒಳಗಿನ ಗಾಜಿನ ಕೊಳವೆ ಒಡೆದು ಹೈಡ್ರೋಜನ್ ಪೆರಾಕ್ಸೈಡ್ ಇನ್ನೊಂದು ದ್ರವದ ಜೊತೆ ಸೇರುತ್ತದೆ. ಆ ಕ್ರಿಯೆಯ ಶಕ್ತಿ ಬಣ್ಣದ ಅಣುಗಳಿಗೆ ಹೋಗಿ ಬೆಳಕಾಗುತ್ತದೆ. ಕ್ರಿಯೆ ಮುಗಿದರೆ ಕಡ್ಡಿಯೂ ಮುಗಿಯಿತು, ದೀಪ ತೋರಿಸಿ ಪ್ರಯೋಜನವಿಲ್ಲ.

ಅಡ್ಡಪ್ರಶ್ನೆ:
ಸರಿ, ಸುಳಿವು ಸುಳಿವೇ ಎಂದು ಒಪ್ಪೋಣ. ನನ್ನ ಪ್ರಶ್ನೆ ಇನ್ನೂ ನಿಂತಿದೆ. ತೀರ್ಪು ಕೊಡುವುದು ಯಾವುದು?

ಗಾಜಿನಕಡ್ಡಿ:
ಗುಣಗಳು. ಇಲ್ಲೇ ಮೂಲ ಪ್ರಶ್ನೆಯ ಎರಡೂ ಭಾಗ ಒಂದಾಗುತ್ತವೆ. ಒಂದು ವಸ್ತುವನ್ನು ಗುರುತಿಸುವುದು ಅದರ ಗುಣಗಳಿಂದ. ಬದಲಾವಣೆಯ ಮೊದಲು ಒಂದಿಷ್ಟು ಗುಣ ಬರೆದಿಟ್ಟುಕೊಳ್ಳಿ, ಆಮೇಲೆ ಮತ್ತೆ ನೋಡಿ.

ಇದಕ್ಕೆ ಕಬ್ಬಿಣ ಮತ್ತು ಗಂಧಕದ ಪ್ರಯೋಗವನ್ನು ಮೀರಿಸುವುದು ನನಗೆ ಕಂಡಿಲ್ಲ. 7 ಗ್ರಾಂ ಕಬ್ಬಿಣದ ಪುಡಿ, 4 ಗ್ರಾಂ ಗಂಧಕದ ಪುಡಿ. ಚೆನ್ನಾಗಿ ಬೆರೆಸಿದರೆ ಬೂದು ಹಳದಿ ಪುಡಿ ಆಗುತ್ತದೆ. ನೋಡಲು ಹೊಸ ವಸ್ತುವಿನ ಹಾಗೇ ಇರುತ್ತದೆ. ಆದರೆ ಅಯಸ್ಕಾಂತ ತಂದರೆ ಕಬ್ಬಿಣ ಎದ್ದು ಬರುತ್ತದೆ, ಗಂಧಕ ಉಳಿಯುತ್ತದೆ. ಸ್ವಲ್ಪಕ್ಕೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಕಬ್ಬಿಣ ತನ್ನ ಪಾಡಿಗೆ ಹೈಡ್ರೋಜನ್ ಬಿಡುತ್ತದೆ, ಗಂಧಕ ಸುಮ್ನೆ ಇರುತ್ತದೆ. ಅಂದರೆ ಬೆರೆತ ಮೇಲೂ ಎರಡೂ ತಮ್ಮ ತಮ್ಮ ಗುಣ ಇಟ್ಟುಕೊಂಡಿವೆ.

ಈಗ ಉಳಿದ ಪುಡಿಯ ಒಂದು ತುದಿಯನ್ನು ಕಾಯಿಸಿ. ಅಲ್ಲಿ ಕೆಂಪಗೆ ಹೊತ್ತಿಕೊಳ್ಳುತ್ತದೆ. ಬೆಂಕಿ ತೆಗೆದರೂ ಆ ಕೆಂಪು ತಾನಾಗಿಯೇ ಪುಡಿಯ ಉದ್ದಕ್ಕೂ ಹರಿಯುತ್ತದೆ. ಕೊನೆಗೆ ಕಪ್ಪು ಗಟ್ಟಿ ಸಿಗುತ್ತದೆ. ಅಯಸ್ಕಾಂತ ಹಿಡಿದರೆ ಮೊದಲಿನಂತೆ ಕಬ್ಬಿಣ ಬೇರೆಯಾಗಿ ಎದ್ದು ಬರುವುದಿಲ್ಲ. ಆಮ್ಲ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಕಬ್ಬಿಣದ ಗುಣವೂ ಇಲ್ಲ, ಗಂಧಕದ ಗುಣವೂ ಇಲ್ಲ. ಇದು ಕಬ್ಬಿಣದ ಸಲ್ಫೈಡ್. ಆ ಅನಿಲ ವಿಷ, ಹಾಗಾಗಿ ಇದನ್ನು ಮನೆಯಲ್ಲಿ ಮಾಡಬೇಡಿ. ಗಾಳಿ ಎಳೆಯುವ ಪೆಟ್ಟಿಗೆ ಇರುವ ಪ್ರಯೋಗಾಲಯದಲ್ಲಿ ದೊಡ್ಡವರು ಮಾಡಿ ತೋರಿಸಬೇಕು.

ಪಾಠದಜೊತೆ:
ಇದು ಅವಳಿಗೆ ಇಷ್ಟವಾಗುತ್ತದೆ. ಆದರೆ ಕುದಿಯುವ ಬಿಂದುವಿನ ವಿಷಯ ಉಳಿಯಿತು.

ವಿಜ್ಞಾನಮೇಷ್ಟ್ರು:
ನೀರು ಕುದಿದು ಆವಿಯಾದರೆ ಅಣು ಅದೇ: ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಒತ್ತಾಗಿ ಕೂತಿದ್ದವರು ಎದ್ದು ಚದುರಿದ ಹಾಗೆ, ಜನ ಬದಲಾಗಲಿಲ್ಲ. ಆವಿ ತಣ್ಣಗಾದರೆ ಮತ್ತೆ ಅದೇ ನೀರು. ಹೀಗೆ ವಸ್ತುವನ್ನು ಬೇರೆ ವಸ್ತುವಾಗಿಸದೆ ಅಳೆಯಬಹುದಾದ್ದೆಲ್ಲ ಭೌತ ಗುಣ. ಬಣ್ಣ, ಸಾಂದ್ರತೆ, ಕರಗುವ ಬಿಂದು, ಕುದಿಯುವ ಬಿಂದು, ಗಟ್ಟಿತನ, ವಿದ್ಯುತ್ ಹರಿಸುವ ಗುಣ, ಎಲ್ಲವೂ.

ರಾಸಾಯನಿಕ ಗುಣವನ್ನು ಹಾಗೆ ಅಳೆಯಲು ಆಗುವುದಿಲ್ಲ. ವಸ್ತುವನ್ನು ಇನ್ನೊಂದಾಗಿ ಮಾಡಿಯೇ ನೋಡಬೇಕು. ಸೋಡಿಯಂ ತೆಗೆದುಕೊಳ್ಳಿ. ಚಾಕುವಿನಿಂದ ಕತ್ತರಿಸುವಷ್ಟು ಮೆದು. ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸಾಂದ್ರತೆ ಘನ ಸೆಂಟಿಮೀಟರಿಗೆ 0.97 ಗ್ರಾಂ, ಹಾಗಾಗಿ ನೀರಿನ ಮೇಲೆ ತೇಲುತ್ತದೆ. ಇಷ್ಟೂ ಭೌತ ಗುಣ. ಕತ್ತರಿಸಿದ ಹೊಳೆಯುವ ಮೈ ಗಾಳಿಗೆ ಬೇಗ ಮಂಕಾಗುತ್ತದೆ, ನೀರಿಗೆ ಬಿದ್ದರೆ ಹೈಡ್ರೋಜನ್ ಬಿಟ್ಟು ಸೋಡಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಇವು ರಾಸಾಯನಿಕ ಗುಣ. ತಮಾಷೆ ನೋಡಿ, ನೀರಿನ ಮೇಲೆ ತೇಲುತ್ತಾ ಓಡುವ ಆ ಒಂದು ಚೂರಿನಲ್ಲಿ ಎರಡೂ ಬಗೆಯ ಗುಣ ಒಟ್ಟಿಗೆ ಕಾಣುತ್ತವೆ.

ಮತ್ತೊಂದು ಮಾತು. ಸೀಮೆಎಣ್ಣೆಯೊಳಗೆ ತಣ್ಣಗೆ ಕೂತಿರುವ ಸೋಡಿಯಂಗೂ ನೀರಿನೊಡನೆ ವರ್ತಿಸುವ ಗುಣ ಇದ್ದೇ ಇದೆ. ಗುಣ ಎಂದರೆ ಈಗ ನಡೆಯುತ್ತಿರುವುದಲ್ಲ, ಸಂದರ್ಭ ಬಂದರೆ ನಡೆಯುವುದು. ಮಕ್ಕಳು ಗುಣ ಮತ್ತು ಬದಲಾವಣೆಯನ್ನು ಬೆರೆಸಿಬಿಡುವುದು ಇಲ್ಲೇ ಜಾಸ್ತಿ.

ತಿಳಿನೀಲಿ:
ನಾನು ಇಂಗಾಲದ ಉದಾಹರಣೆ ಕೊಡೋಣ ಅಂತಿದ್ದೆ. ವಜ್ರ ಮತ್ತು ಗ್ರಾಫೈಟ್ ಎರಡೂ ಬರೀ ಇಂಗಾಲ. ಭೌತ ಗುಣದಲ್ಲಿ ಅಜಗಜಾಂತರ. ಒಂದು ಗಾಜು ಕೊರೆಯುತ್ತದೆ, ಇನ್ನೊಂದು ಕಾಗದದ ಮೇಲೆ ಉಜ್ಜಿದರೆ ಕಪ್ಪಗೆ ಅಂಟುತ್ತದೆ. ಆದರೆ ಆಕ್ಸಿಜನ್‌ನಲ್ಲಿ ಸುಟ್ಟರೆ ಎರಡೂ ಕೊಡುವುದು ಕಾರ್ಬನ್ ಡೈಆಕ್ಸೈಡ್ ಮಾತ್ರ. 1797ರಲ್ಲಿ ಸ್ಮಿತ್ಸನ್ ಟೆನಂಟ್ ಎಂಬ ರಸಾಯನವಿಜ್ಞಾನಿ ವಜ್ರವನ್ನು ಸುಟ್ಟು, ಅದೇ ತೂಕದ ಇದ್ದಿಲಿನಷ್ಟೇ ಅನಿಲ ಬರುತ್ತದೆ ಎಂದು ತೋರಿಸಿದ. ಬರೀ ಕಣ್ಣಿನಿಂದ ನೋಡಿ ಯಾರಿಗೂ ಇದು ಹೊಳೆಯುತ್ತಿರಲಿಲ್ಲ.

ಅಡ್ಡಪ್ರಶ್ನೆ:
ಅಂದಮೇಲೆ ವಜ್ರ ಗ್ರಾಫೈಟ್ ಆದರೆ? ಅದೇ ಇಂಗಾಲ, ಹೊಸ ಧಾತು ಸೇರಿಲ್ಲ. ಭೌತವಾ?

ತಿಳಿನೀಲಿ:
ಇಲ್ಲ. ವಜ್ರದಲ್ಲಿ ಪ್ರತಿ ಇಂಗಾಲ ನಾಲ್ಕು ಇಂಗಾಲಗಳ ಜೊತೆ ಬಂಧ ಹಾಕಿಕೊಂಡಿದೆ, ಗ್ರಾಫೈಟ್‌ನಲ್ಲಿ ಮೂರರ ಜೊತೆ. ಒಂದು ಇನ್ನೊಂದಾಗಬೇಕಾದರೆ ಗಟ್ಟಿ ಬಂಧಗಳು ಮುರಿಯಬೇಕು, ಹೊಸದಾಗಿ ಕಟ್ಟಬೇಕು. ನಾನು ಅದನ್ನು ರಾಸಾಯನಿಕ ಎಂದೇ ಎಣಿಸುತ್ತೇನೆ.

ಗಂಧಕ ಇನ್ನೂ ಸೊಗಸು, ಅದರಲ್ಲಿ ಎರಡೂ ಕಾಣುತ್ತವೆ. ಅದರ ಅಣು ಎಂಟು ಪರಮಾಣುಗಳ ಉಂಗುರ. 95.5 ಡಿಗ್ರಿಯಲ್ಲಿ ಹರಳಿನ ಜೋಡಣೆ ಬದಲಾಗುತ್ತದೆ, ಉಂಗುರ ಹಾಗೇ ಇರುತ್ತದೆ. ಇನ್ನೂ ಕಾಯಿಸಿದರೆ ಕರಗಿ ತೆಳ್ಳನೆಯ ಹಳದಿ ದ್ರವವಾಗುತ್ತದೆ, ಆಗಲೂ ಉಂಗುರಗಳೇ. ಇಲ್ಲಿಯವರೆಗೆ ಭೌತ. ಸುಮಾರು 160 ಡಿಗ್ರಿ ದಾಟಿದರೆ ಅಚ್ಚರಿ: ಬಿಸಿ ಹೆಚ್ಚಿದಷ್ಟೂ ತೆಳ್ಳಗಾಗಬೇಕಾದ ದ್ರವ ಕೆಂಪು ಕಂದಾಗಿ, ಹರಿಯಲಾರದಷ್ಟು ಮಂದವಾಗುತ್ತದೆ. ಉಂಗುರಗಳು ಬಿಚ್ಚಿಕೊಂಡು ಒಂದಕ್ಕೊಂದು ಸೇರಿ ಉದ್ದ ಸರಪಳಿಗಳಾಗಿರುತ್ತವೆ. ಬಂಧ ಮುರಿಯಿತು, ಹೊಸ ಬಂಧ ಬಂತು. ಇನ್ನಷ್ಟು ಕಾಯಿಸಿ ತಣ್ಣೀರಿಗೆ ಸುರಿದರೆ ರಬ್ಬರಿನಂತೆ ಎಳೆಯಬಹುದಾದ ಗಂಧಕ ಸಿಗುತ್ತದೆ. ಹೊರಗೆ ಬಿಟ್ಟರೆ ಕೆಲವು ದಿನಗಳಲ್ಲಿ ಮತ್ತೆ ಹಳದಿ ಪುಡಿಪುಡಿ ಗಂಧಕ. ಒಂದೇ ಧಾತು, ಒಂದೇ ಪ್ರನಾಳ, ಎರಡೂ ಬಗೆಯ ಬದಲಾವಣೆ.

ಕೌತುಕ:
ಈ ಚರ್ಚೆ ಓದುವಾಗ ಬಣ್ಣ ಒಣಗುವುದು ನೆನಪಾಯಿತು. ಉಗುರಿನ ಬಣ್ಣ ಒಣಗುವುದೆಂದರೆ ದ್ರಾವಕ ಆವಿಯಾಗಿ ಹೋಗುವುದು. ವಾರ ಬಿಟ್ಟು ಅಸಿಟೋನ್ ಹಚ್ಚಿದರೆ ಮತ್ತೆ ಕರಗುತ್ತದೆ. ಭೌತ. ಚಿತ್ರ ಬರೆಯುವ ಎಣ್ಣೆ ಬಣ್ಣ ಹಾಗಲ್ಲ. ಅದರ ಅಗಸೆ ಎಣ್ಣೆ ಗಾಳಿಯ ಆಕ್ಸಿಜನ್ ಹಿಡಿದುಕೊಂಡು ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಟ್ಟಿಯಾದ ಮೇಲೆ ಅದು ಮೊದಲಿನ ಎಣ್ಣೆ ಅಲ್ಲವೇ ಅಲ್ಲ. ಸಿಮೆಂಟ್ ಕೂಡ ನೀರು ಆರಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ವರ್ತಿಸಿ ಗಟ್ಟಿಯಾಗುವುದು. ಅದಕ್ಕೇ ನೀರಿನ ಒಳಗೂ ಗಟ್ಟಿಯಾಗುತ್ತದೆ.

ಮೌನವೀಕ್ಷಕ:
ಸಿಮೆಂಟ್ ವಿಷಯ ಇವತ್ತೇ ತಿಳಿದಿದ್ದು. ನೀರು ಹಾಕುತ್ತಾ ಇರಬೇಕು ಎನ್ನುವುದು ಇದಕ್ಕೇನಾ?

ಕೌತುಕ:
ಹೌದು. ಬೇಗ ಒಣಗಿದರೆ ಕ್ರಿಯೆಗೆ ನೀರು ಸಾಲದೆ ಅರ್ಧಕ್ಕೇ ನಿಲ್ಲುತ್ತದೆ.

ಅಡ್ಡಪ್ರಶ್ನೆ:
ಈಗ ಎಲ್ಲರೂ ತಪ್ಪಿಸಿಕೊಳ್ಳುತ್ತಿರುವ ಪ್ರಶ್ನೆಗೆ ಬರೋಣ. ಉಪ್ಪು ನೀರಿನಲ್ಲಿ ಕರಗುವುದು. ಪುಸ್ತಕದಲ್ಲಿ ಭೌತ ಬದಲಾವಣೆ. ಆದರೆ ಸೋಡಿಯಂ ಕ್ಲೋರೈಡ್ ಹರಳಿನಲ್ಲಿ ಧನ ಅಯಾನು, ಋಣ ಅಯಾನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ನೀರಿಗೆ ಹಾಕಿದರೆ ಬಿಡಿಬಿಡಿಯಾಗಿ, ಸುತ್ತ ನೀರಿನ ಅಣುಗಳನ್ನು ಕಟ್ಟಿಕೊಂಡು ಓಡಾಡುತ್ತವೆ. ಘನ ಉಪ್ಪು ವಿದ್ಯುತ್ ಹರಿಸುವುದಿಲ್ಲ, ದ್ರಾವಣ ಹರಿಸುತ್ತದೆ. ಬಂಧ ಮುರಿದರೆ ರಾಸಾಯನಿಕ ಎಂದು ಈಗಷ್ಟೇ ಹೇಳಿದಿರಿ. ಇಲ್ಲಿ ಮುರಿದಿಲ್ಲವೇ?

ವಿಜ್ಞಾನಮೇಷ್ಟ್ರು:
ನೀರು ಆರಿಸಿದರೆ ಅದೇ ಉಪ್ಪು ಅದೇ ತೂಕಕ್ಕೆ ಸಿಗುತ್ತದೆ. ಅಯಾನುಗಳು ಹರಳಿನಲ್ಲೂ ಅಯಾನುಗಳೇ, ದ್ರಾವಣದಲ್ಲೂ ಅವೇ ಅಯಾನುಗಳು. ಹೊಸ ಕಣ ಹುಟ್ಟಿಲ್ಲ. ಸತುವನ್ನು ಆಮ್ಲದಲ್ಲಿ "ಕರಗಿಸಿ" ಆರಿಸಿದರೆ ಸತು ಬರುವುದಿಲ್ಲ, ಸತುವಿನ ಕ್ಲೋರೈಡ್ ಬರುತ್ತದೆ. ಈ ವ್ಯತ್ಯಾಸ ಮಕ್ಕಳಿಗೆ ಸಾಕು. ಪರೀಕ್ಷೆಯಲ್ಲಿ ಭೌತ ಎಂದೇ ಬರೆಯಲಿ.

ಅಡ್ಡಪ್ರಶ್ನೆ:
ಆರಿಸಿದರೆ ಮರಳಿ ಸಿಗುತ್ತದೆ ಎನ್ನುವುದು ಅದೇ ಹಳೆಯ ಸೂತ್ರ ಅಲ್ವಾ ಸರ್? ಮೈಲುತುತ್ತಕ್ಕೆ ನಡೆಯದ್ದು ಉಪ್ಪಿಗೆ ಹೇಗೆ ನಡೆಯುತ್ತದೆ?

ಗಾಜಿನಕಡ್ಡಿ:
ಅಡ್ಡಪ್ರಶ್ನೆಯವರ ಮಾತಿನಲ್ಲಿ ತೂಕ ಇದೆ. ಶಕ್ತಿಯ ಲೆಕ್ಕ ಇಟ್ಟು ನೋಡೋಣ. 18 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 6 ಕಿಲೋಜೂಲ್ ಬೇಕು. ಅದೇ 18 ಗ್ರಾಂ ನೀರು 100 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 41. ಅದೇ ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯಲು ಸುಮಾರು 286. ಭೌತ ಬದಲಾವಣೆಗೆ ಕಡಿಮೆ, ರಾಸಾಯನಿಕಕ್ಕೆ ಹೆಚ್ಚು. ಅಣುಗಳ ನಡುವಿನ ಸೆಳೆತ ಬಿಡಿಸುವುದು ಬೇರೆ, ಅಣುವಿನ ಒಳಗಿನ ಬಂಧ ಮುರಿಯುವುದು ಬೇರೆ.

ಉಪ್ಪಿಗೆ ಬನ್ನಿ. 58.5 ಗ್ರಾಂ ಉಪ್ಪು ಕರಗುವಾಗ ಹೀರುವ ಶಾಖ ಬರೀ 4 ಕಿಲೋಜೂಲ್ ಹತ್ತಿರ. ಮಂಜುಗಡ್ಡೆ ಕರಗುವುದಕ್ಕಿಂತ ಕಡಿಮೆ! ಭೌತ ಎನ್ನಲು ಇದು ಸಾಕು ಅನಿಸುತ್ತದೆ. ಆದರೆ ಒಳಗೆ ನಡೆದದ್ದು ದೊಡ್ಡದು. ಆ ಹರಳನ್ನು ಪೂರ್ತಿ ಬಿಡಿ ಅಯಾನುಗಳಾಗಿ ಒಡೆಯಲು ಸುಮಾರು 787 ಕಿಲೋಜೂಲ್ ಬೇಕು. ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿ ವಾಪಸ್ ಬರುತ್ತದೆ. ನಮಗೆ ಕಾಣುವುದು ಉಳಿದ ಚಿಲ್ಲರೆ ಮಾತ್ರ. ಹಾಗಾಗಿ ಉಪ್ಪು ಕರಗುವುದು ಗಡಿಯ ಮೇಲೆ ಕೂತಿದೆ ಎಂದೇ ನನ್ನ ಅಭಿಪ್ರಾಯ. ಎರಡು ಪೆಟ್ಟಿಗೆ ಮಾಡಿದ್ದು ನಾವು, ವಸ್ತುಗಳು ಅದನ್ನು ನೋಡಿಕೊಂಡು ನಡೆಯುವುದಿಲ್ಲ. ಹೈಡ್ರೋಜನ್ ಕ್ಲೋರೈಡ್ ಅನಿಲ ನೀರಿನಲ್ಲಿ ಕರಗುವುದರ ಬಗ್ಗೆ ಮಾತ್ರ ಗೊಂದಲ ಇಲ್ಲ. ಅಲ್ಲಿ ಅಣುವೇ ಒಡೆದು, ಮೊದಲಿರದ ಅಯಾನುಗಳು ಹುಟ್ಟುತ್ತವೆ. ಅದು ರಾಸಾಯನಿಕ.

ವಿಜ್ಞಾನಮೇಷ್ಟ್ರು:
ಗಡಿಯ ಮೇಲಿದೆ ಎನ್ನುವುದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಹನ್ನೆರಡು ವರ್ಷದ ಮಗುವಿಗೆ ಮೊದಲು ನಡುವಿನ ಜಾಗ ತೋರಿಸಿ, ಆಮೇಲೆ ಗಡಿ ತೋರಿಸಬೇಕು. ಮೊದಲ ದಿನವೇ ಗಡಿಗೆ ಕರೆದುಕೊಂಡು ಹೋದರೆ ಮಂಜುಗಡ್ಡೆ ಕರಗುವುದರ ಮೇಲೂ ಅನುಮಾನ ಬರುತ್ತದೆ. ಈ ವಿಷಯದಲ್ಲಿ ನಾನು ಗಟ್ಟಿ.

ಅಡ್ಡಪ್ರಶ್ನೆ:
ನಾನು ಒಪ್ಪುವುದಿಲ್ಲ. ಗಡಿ ಇದೆ ಎಂದು ಮೊದಲೇ ಹೇಳಿದರೆ ಮಗು ಸೂತ್ರಕ್ಕೆ ಜೋತುಬೀಳುವುದಿಲ್ಲ. ಈ ಮಗು ತಾನಾಗಿಯೇ ಅಲ್ಲಿಗೆ ಹೋಗಿದೆ ನೋಡಿ.

ತಿಳಿನೀಲಿ:
ಪುಸ್ತಕಗಳಲ್ಲಿ ಉತ್ಪತನಕ್ಕೆ (ಘನ ವಸ್ತು ದ್ರವವಾಗದೆ ನೇರ ಆವಿಯಾಗುವುದಕ್ಕೆ) ಅಯೋಡಿನ್ ಮತ್ತು ನವಸಾಗರವನ್ನು ಒಟ್ಟಿಗೆ ಕೊಡುವುದೂ ಇಂಥದ್ದೇ. ಅಯೋಡಿನ್ ಸರಿ. ಹರಳಿನಲ್ಲೂ ನೇರಳೆ ಆವಿಯಲ್ಲೂ ಎರಡು ಪರಮಾಣುಗಳ ಅದೇ ಅಣು. ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಕಾದಾಗ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಪ್ರನಾಳದ ತಣ್ಣನೆಯ ಭಾಗದಲ್ಲಿ ಅವು ಮತ್ತೆ ಸೇರಿ ಬಿಳಿ ಪುಡಿಯಾಗುತ್ತವೆ. ನೋಡಲು ಥೇಟ್ ಉತ್ಪತನ.

ಅಡ್ಡಪ್ರಶ್ನೆ:
ನಡುವೆ ಎರಡು ಅನಿಲ ಇತ್ತು ಎನ್ನುವುದಕ್ಕೆ ಸಾಕ್ಷಿ?

ತಿಳಿನೀಲಿ:
ಪ್ರನಾಳದ ನಡುವೆ ಗಾಜಿನ ಉಣ್ಣೆ ಸಡಿಲವಾಗಿ ತುರುಕಿ, ಮೇಲೆ ಒದ್ದೆ ಕೆಂಪು ಲಿಟ್ಮಸ್ ಕಾಗದ (ಆಮ್ಲಕ್ಕೆ ಕೆಂಪು, ಅಮೋನಿಯಾದಂಥ ಪ್ರತ್ಯಾಮ್ಲಕ್ಕೆ ನೀಲಿ ಆಗುವಂಥದ್ದು) ಇಟ್ಟು ಕಾಯಿಸಿ. ಅಮೋನಿಯಾದ ಅಣುತೂಕ 17, ಹೈಡ್ರೋಜನ್ ಕ್ಲೋರೈಡಿನದು 36.5. ಹಗುರವಾದ ಅಮೋನಿಯಾ ಬೇಗ ಹರಡಿ ಮುಂದೆ ಬರುತ್ತದೆ, ಕೆಂಪು ಲಿಟ್ಮಸ್ ಮೊದಲು ನೀಲಿ ಆಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಆಮ್ಲದ ಅನಿಲ ಬಂದು ಅದನ್ನು ಮತ್ತೆ ಕೆಂಪಾಗಿಸುತ್ತದೆ. ಒಂದೇ ವಸ್ತು ಆವಿಯಾಗಿದ್ದರೆ ಹೀಗೆ ಎರಡು ಸಲ ಬಣ್ಣ ಬದಲಾಗಲು ಸಾಧ್ಯವಿಲ್ಲ.

ಅಡ್ಡಪ್ರಶ್ನೆ:
ಇದು ಉತ್ತರ! ಇಂಥ ಸಾಕ್ಷಿ ಪಾಠದಲ್ಲೇ ಇರಬೇಕಿತ್ತು.

ಮೌನವೀಕ್ಷಕ:
ಮೇಣದ ಬತ್ತಿ ಯಾವುದಕ್ಕೆ ಸೇರುತ್ತದೆ? ಕೆಲವು ಕಡೆ ಎರಡೂ ಎಂದು ಬರೆದಿರುತ್ತಾರೆ.

ವಿಜ್ಞಾನಮೇಷ್ಟ್ರು:
ಎರಡೂ, ಒಂದರ ಹಿಂದೆ ಒಂದು. ಮೇಣ ಕರಗುತ್ತದೆ, ಬತ್ತಿಯಲ್ಲಿ ಏರುತ್ತದೆ, ಆವಿಯಾಗುತ್ತದೆ. ಇಷ್ಟು ಭೌತ. ಉರಿಯುವುದು ಆ ಆವಿ, ಅದು ರಾಸಾಯನಿಕ. ಬತ್ತಿ ಆರಿಸಿದ ಕೂಡಲೇ ಏಳುವ ಬಿಳಿ ಹೊಗೆಗೆ ಉರಿಯುವ ಕಡ್ಡಿ ಹಿಡಿದು ನೋಡಿ. ಜ್ವಾಲೆ ಹೊಗೆಯ ದಾರಿಯಲ್ಲೇ ಇಳಿದು ಬತ್ತಿಗೆ ಹತ್ತಿಕೊಳ್ಳುತ್ತದೆ, ಯಾಕೆಂದರೆ ಆ ಹೊಗೆ ಇನ್ನೂ ಮೇಣವೇ. ಅದೇ ಹಳದಿ ಜ್ವಾಲೆಯೊಳಗೆ ತಣ್ಣನೆಯ ಪಿಂಗಾಣಿ ಚೂರು ಹಿಡಿದರೆ ಕಪ್ಪು ಮಸಿ ಕೂರುತ್ತದೆ. ಅದು ಇಂಗಾಲ, ಮೇಣ ಅಲ್ಲ.

ಪಾಠದಜೊತೆ:
ಮೈಲುತುತ್ತದ ಪ್ರಯೋಗ ಮಾಡಿಸೋಣ ಎಂದಿದ್ದೇನೆ. ತೂಕ ಹಾಕಿಸಿದರೆ ಏನಾದರೂ ಗೊತ್ತಾಗುತ್ತದೆಯೇ?

ಗಾಜಿನಕಡ್ಡಿ:
ಖಂಡಿತ. 25 ಗ್ರಾಂ ನೀಲಿ ಹರಳಿನಲ್ಲಿ ಸುಮಾರು 9 ಗ್ರಾಂ ನೀರು. ಪೂರ್ತಿ ಬೆಳ್ಳಗಾದಾಗ 16 ಗ್ರಾಂ ಹತ್ತಿರ ಉಳಿಯಬೇಕು. ಮೊದಲು ಲೆಕ್ಕ ಹಾಕಿಸಿ, ಆಮೇಲೆ ತೂಗಿಸಿ. ಉರಿ ಮೆಲ್ಲಗಿರಲಿ, ಜಾಸ್ತಿ ಕಾಯಿಸಿದರೆ ಪುಡಿ ಕಪ್ಪಾಗತೊಡಗುತ್ತದೆ, ಅದು ಬೇರೆಯೇ ಕ್ರಿಯೆ. ಮೈಲುತುತ್ತ ವಿಷ. ಕನ್ನಡಕ ಹಾಕಿಸಿ, ಅಡುಗೆ ಪಾತ್ರೆ ಬಳಸಬೇಡಿ, ದೊಡ್ಡವರು ಜೊತೆಗಿರಲಿ.

ಅಡ್ಡಪ್ರಶ್ನೆ:
ತೂಕ ಬದಲಾದರೆ ರಾಸಾಯನಿಕ ಎಂದು ಅವಳು ಹೊಸ ಸೂತ್ರ ಮಾಡಿಕೊಂಡಾಳು. ಪಾತ್ರೆಯ ನೀರು ಆವಿಯಾದರೂ ತೂಕ ಇಳಿಯುತ್ತದೆ.

ಗಾಜಿನಕಡ್ಡಿ:
ಹೌದು, ಅದನ್ನೂ ಹೇಳಬೇಕು. ಮುಚ್ಚಿದ ಪಾತ್ರೆಯಲ್ಲಿ ಯಾವ ಬದಲಾವಣೆಯಲ್ಲೂ ಒಟ್ಟು ತೂಕ ಬದಲಾಗುವುದಿಲ್ಲ. ನೈಟ್ರೋಜನ್ ಡೈಆಕ್ಸೈಡ್ ತುಂಬಿ ಬಾಯಿ ಮುಚ್ಚಿದ ಗಾಜಿನ ಕೊಳವೆಯ ವಿಡಿಯೋ ತೋರಿಸಿ. ಬಿಸಿನೀರಿನಲ್ಲಿ ಇಟ್ಟರೆ ಕಡು ಕಂದು, ಮಂಜುಗಡ್ಡೆಯಲ್ಲಿ ಇಟ್ಟರೆ ಬಣ್ಣ ತೆಳುವಾಗುತ್ತದೆ. ಏನೂ ಒಳಗೆ ಬಂದಿಲ್ಲ, ಹೊರಗೆ ಹೋಗಿಲ್ಲ. ತಣ್ಣಗಾದಾಗ ಎರಡೆರಡು ಅಣು ಜೋಡಿಯಾಗಿ ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಆಗುತ್ತವೆ, ಬಿಸಿಯಾದಾಗ ಬಿಡಿಯಾಗುತ್ತವೆ. ತೂಕ ಅಷ್ಟೇ, ಹಿಂದಕ್ಕೂ ಬರುತ್ತದೆ, ಆದರೂ ರಾಸಾಯನಿಕ.

ಪಾಠದಜೊತೆ:
ಎಲ್ಲರಿಗೂ ಧನ್ಯವಾದ. ಟಿಪ್ಪಣಿಯ ಆ ಸೂತ್ರದ ಪಕ್ಕದಲ್ಲಿ "ಬದಲಾವಣೆಯ ಮೊದಲು ಯಾವ ಗುಣ ಇತ್ತು? ಆಮೇಲೆ ಯಾವುದು ಉಳಿದಿದೆ?" ಎಂದು ಬರೆಸಿದೆ. ಅವಳು ಈಗ ತುಕ್ಕಿನ ಬಗ್ಗೆ ಕೇಳುತ್ತಿದ್ದಾಳೆ. ತುಕ್ಕನ್ನು ಉಜ್ಜಿ ತೆಗೆದರೆ ಒಳಗೆ ಕಬ್ಬಿಣ ಸಿಗುತ್ತದಲ್ಲ, ಅದು ಹಿಂದಕ್ಕೆ ಬಂದಂತೆ ಆಗಲಿಲ್ಲವೇ ಅಂತ.

ವಿಜ್ಞಾನಮೇಷ್ಟ್ರು:
ಅದು ತುಕ್ಕು ಹಿಡಿಯದೆ ಒಳಗೆ ಉಳಿದಿದ್ದ ಕಬ್ಬಿಣ. ತುಕ್ಕು ಕಬ್ಬಿಣವಾಗಿ ಮರಳಲಿಲ್ಲ, ಉಜ್ಜಿದ ಕಾಗದದ ಮೇಲೆ ಪುಡಿಯಾಗಿ ಕೂತಿದೆ. ಆ ಪುಡಿಗೆ ಅಯಸ್ಕಾಂತ ಹಿಡಿದು ನೋಡಲಿ. ಜೊತೆಗೆ ಕಬ್ಬಿಣದ ಚೂರುಗಳು ಬೆರೆತಿದ್ದರೆ ಅವು ಏಳುತ್ತವೆ, ಕೆಂಪು ಪುಡಿ ಬಹುಪಾಲು ಅಲ್ಲೇ ಉಳಿಯುತ್ತದೆ. ಅದನ್ನು ನಿಜವಾಗಿ ಕಬ್ಬಿಣ ಮಾಡಬೇಕಾದರೆ ಆಕ್ಸಿಜನ್ ಕಿತ್ತುಕೊಳ್ಳಬೇಕು. ಕಬ್ಬಿಣ ತೆಗೆಯುವ ಊದುಕುಲುಮೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನಿಲ ಅದಿರಿನ ಆಕ್ಸಿಜನ್ ಕಿತ್ತುಕೊಂಡು ಮಾಡುವುದು ಅದೇ ಕೆಲಸ.